ಮಂಡಿ ಸಾಫ್ಟ್‌ವೇರ್‌ಗೆ ಕಾಟಾ, ಟ್ಯಾಲಿ, ಎಸ್‌ಎಂಎಸ್ ಜೋಡಿಸುವ ಮುನ್ನ: ಪ್ಲಗಿನ್ ವ್ಯವಸ್ಥೆ ಕಟ್ಟುವ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಅಡಿಕೆ ಮಂಡಿಗಳಿಗೆ ಲೆಕ್ಕಪಟ್ಟಿ ಬರೆಯುವ ಸಾಫ್ಟ್‌ವೇರ್ ಮಾಡಿಕೊಡುವವರು ಬಹುಪಾಲು ಎರಡು ಮೂರು ಜನರ ಸಣ್ಣ ತಂಡಗಳು. ಮೊದಲ ಮಂಡಿಗೆ ಕೊಟ್ಟಾಗ ಎಲ್ಲವೂ ಸಲೀಸು. ಎರಡನೆಯವರು ಕಾಟಾದಿಂದ (ತೂಕದ ಯಂತ್ರ) ತೂಕ ನೇರವಾಗಿ ಕಂಪ್ಯೂಟರಿಗೆ ಬರಬೇಕು ಅನ್ನುತ್ತಾರೆ. ಮೂರನೆಯವರಿಗೆ ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರಿನ ಜೋಡಣೆ ಬೇಕು, ನಾಲ್ಕನೆಯವರಿಗೆ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಆದ ಕೂಡಲೇ ಬೆಳೆಗಾರರ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಹೋಗಬೇಕು. ಒಂದೊಂದಕ್ಕೂ ಮೂಲ ಕೋಡಿನೊಳಗೆ 'ಈ ಮಂಡಿಯಾದರೆ ಹೀಗೆ, ಆ ಮಂಡಿಯಾದರೆ ಹಾಗೆ' ಎಂದು ಸೇರಿಸುತ್ತಾ ಹೋದರೆ, ಕಾಟಾದ ಕೋಡ್ ಮುಟ್ಟಿದಾಗ ಪಟ್ಟಿಯ ಪ್ರಿಂಟ್ ಕೆಡುವ ದಿನ ಬಂದೇ ಬರುತ್ತದೆ.

ಇದಕ್ಕಿರುವ ದಾರಿ ಒಂದೇ. ಮೂಲ ಪ್ರೋಗ್ರಾಮಿಗೆ ಹೊರಗಿನ ಯಾವ ಸಾಧನದ ಹೆಸರೂ ಗೊತ್ತಿರಬಾರದು. 'ತೂಕ ಕೊಡುವವರು ಯಾರೋ ಇದ್ದಾರೆ', 'ಪಟ್ಟಿ ಆಯಿತೆಂದು ಕೇಳಿಸಿಕೊಳ್ಳುವವರು ಯಾರೋ ಇದ್ದಾರೆ' ಎಂಬಷ್ಟೇ ಅದಕ್ಕೆ ತಿಳಿದಿರಬೇಕು. ಆ 'ಯಾರೋ' ಎಂಬುದೇ ಪ್ಲಗಿನ್, ಅಂದರೆ ಮೂಲ ಪ್ರೋಗ್ರಾಮಿಗೆ ಹೊರಗಿನಿಂದ ಜೋಡಿಸುವ ಚಿಕ್ಕ ಪ್ರೋಗ್ರಾಂ. ಅದನ್ನು ನೀವೇ ಬರೆದಿದ್ದರೂ ಅದು ಹೊರಗಿನವರು ಬರುವ ಬಾಗಿಲಿನಿಂದಲೇ ಬರಬೇಕು. ಒಳಗಿನವರಿಗೆ ಬೇರೆ ಹಿತ್ತಿಲ ಬಾಗಿಲು ಇಟ್ಟರೆ ಮುಂಬಾಗಿಲು ಸರಿಯಿದೆಯೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ಉದಾಹರಣೆಗಳನ್ನು ಪೈಥಾನ್ ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ, ಕ್ರಮ ಮಾತ್ರ ಯಾವ ಭಾಷೆಗೂ ಹೊಂದುತ್ತದೆ.

ಹಂತ 1: ಈಗ ಏನೇನು ಅಂಟಿಕೊಂಡಿದೆ, ಪಟ್ಟಿ ಮಾಡಿ

ಕೋಡಿನಲ್ಲಿ ಹೊರಗಿನ ಹೆಸರುಗಳನ್ನು ಹುಡುಕಿ: ಟ್ಯಾಲಿ, ಎಸ್‌ಎಂಎಸ್ ಕಂಪನಿಯ ಹೆಸರು, ಪ್ರಿಂಟರ್ ಮಾಡೆಲ್, 'ಕಾಮ್ 3' ಎಂಬ ಪೋರ್ಟ್ ಸಂಖ್ಯೆ, ಗ್ರಾಹಕರ ಹೆಸರು. ಸಿಕ್ಕ ಪ್ರತಿಯೊಂದಕ್ಕೂ ಯಾವಾಗ ಚಾಲೂ ಆಗುತ್ತದೆ, ಏನು ಹೊರಗೆ ಹೋಗುತ್ತದೆ, ಏನು ಒಳಗೆ ಬರುತ್ತದೆ, ಅದಕ್ಕಾಗಿ ಗುಮಾಸ್ತರು ಕಾಯಬೇಕೇ ಎಂದು ಬರೆದುಕೊಳ್ಳಿ. ಬರೆದ ಮೇಲೆ ಮೂರು ಗುಂಪು ಕಾಣುತ್ತವೆ.

ಮೊದಲನೆಯದು ಕೇಳಿ ಪಡೆಯುವುದು. 'ಈಗ ಕಾಟಾದ ಮೇಲೆ ಎಷ್ಟಿದೆ?' ಎಂದು ಮೂಲ ಪ್ರೋಗ್ರಾಂ ಕೇಳುತ್ತದೆ, ಉತ್ತರ ಬರುವವರೆಗೆ ಕಾಯುತ್ತದೆ. ಎರಡನೆಯದು ತಿಳಿಸುವುದು. ಪಟ್ಟಿ ಆಯಿತು, ಹಣ ಪಾವತಿ ಆಯಿತು ಎಂದು ಹೇಳಿ ತನ್ನ ಕೆಲಸಕ್ಕೆ ಹೋಗುತ್ತದೆ. ಟ್ಯಾಲಿ, ಎಸ್‌ಎಂಎಸ್ ಎರಡೂ ಇಲ್ಲಿಗೆ ಸೇರುತ್ತವೆ. ಮೂರನೆಯದು ಲೆಕ್ಕವನ್ನೇ ಬದಲಿಸುವುದು. ಒಂದು ಮಂಡಿಯಲ್ಲಿ ಹಮಾಲಿ ಚೀಲಕ್ಕಿಷ್ಟು, ಇನ್ನೊಂದರಲ್ಲಿ ಕ್ವಿಂಟಾಲಿಗಿಷ್ಟು.

ಮೂರನೆಯದನ್ನು ಪ್ಲಗಿನ್‌ಗಳಿಗೆ ಬಿಟ್ಟುಕೊಡಬೇಡಿ. ಎರಡು ಪ್ಲಗಿನ್‌ಗಳು ಒಂದೇ ಮೊತ್ತವನ್ನು ತಿದ್ದಿದರೆ ಯಾವುದು ಮೊದಲು ಓಡಿತು ಎಂಬುದರ ಮೇಲೆ ಬೆಳೆಗಾರರ ದುಡ್ಡು ಬದಲಾಗುತ್ತದೆ. ಚೀಲದ ತೂಕ, ಹಮಾಲಿ, ಇತರ ಕಡಿತ ಇವೆಲ್ಲ ಸೆಟ್ಟಿಂಗ್‌ಗಳಾಗಿ ಮೂಲ ಪ್ರೋಗ್ರಾಮಿನಲ್ಲೇ ಇರಲಿ. ಹೆಚ್ಚಿನವರು ಪ್ಲಗಿನ್ ಬೇಕೆಂದು ಕೇಳುವಲ್ಲಿ ನಿಜಕ್ಕೂ ಬೇಕಿರುವುದು ಇನ್ನೊಂದು ಸೆಟ್ಟಿಂಗ್ ಅಷ್ಟೇ.

ಹಂತ 2: ಒಪ್ಪಂದ ಬರೆಯಿರಿ

ಕೋಡ್ ಬರೆಯುವ ಮೊದಲು ಹೊರಗೆ ಹೋಗುವ ಮಾಹಿತಿಯ ರೂಪವನ್ನು ನಿಗದಿ ಮಾಡಿ. ಮೂಲ ಪ್ರೋಗ್ರಾಮಿಗೂ ಪ್ಲಗಿನ್‌ಗೂ ನಡುವಿನ ಒಪ್ಪಂದ ಎಂದರೆ ಇದೇ. ಡೇಟಾಬೇಸಿನ ಕೋಷ್ಟಕವನ್ನು ಇದ್ದ ಹಾಗೇ ಕೊಡಬೇಡಿ. ಕೊಟ್ಟರೆ ನಾಳೆ ಒಂದು ಕಾಲಂ ಹೆಸರು ಬದಲಿಸುವ ಸ್ವಾತಂತ್ರ್ಯವೂ ನಿಮಗಿರುವುದಿಲ್ಲ. ಒಂದು ಇವೆಂಟ್, ಅಂದರೆ ಏನೋ ಆಯಿತೆಂದು ತಿಳಿಸುವ ಸಂದೇಶ, ಹೀಗಿರಬಹುದು (ಓದಲು ಸುಲಭವಾಗಲೆಂದು ಕೀಲಿಗಳು ಇಲ್ಲಿ ಕನ್ನಡದಲ್ಲಿವೆ):

ಒಪ್ಪಂದದ_ಆವೃತ್ತಿ: 1
ಇವೆಂಟ್: ಪಟ್ಟಿ_ಅಂತಿಮವಾಯಿತು
ಗುರುತು: (ಪ್ರತಿ ಇವೆಂಟಿಗೂ ಹೊಸ ಯುಯುಐಡಿ, ಅಂದರೆ ಎಲ್ಲೂ ಮರುಕಳಿಸದ ಸಂಕೇತ)
ಪಟ್ಟಿ_ಸಂಖ್ಯೆ: 1184
ಸಮಯ: 2025-01-20, 14:35:10, +05:30
ದರ್ಜೆ_ಸಂಕೇತ: ರಾಶಿ
ನಿವ್ವಳ_ಗ್ರಾಂ: 808200
ದರ_ಪೈಸೆ_ಕ್ವಿಂಟಾಲಿಗೆ: 4800000
ಮೊತ್ತ_ಪೈಸೆ: 38793600

ತೂಕ ಗ್ರಾಂನಲ್ಲಿ, ಹಣ ಪೈಸೆಯಲ್ಲಿ, ಎರಡೂ ಪೂರ್ಣಾಂಕ. 808.2 ಕೆಜಿಯನ್ನು ದಶಮಾಂಶ ಫ್ಲೋಟ್ ಆಗಿ ಕಳಿಸಿದರೆ ಒಂದೊಂದು ಭಾಷೆ ಒಂದೊಂದು ರೀತಿ ದುಂಡಾಗಿಸುತ್ತದೆ, ಟ್ಯಾಲಿಯ ಮೊತ್ತಕ್ಕೂ ಪಟ್ಟಿಯ ಮೊತ್ತಕ್ಕೂ ಪೈಸೆಗಳ ವ್ಯತ್ಯಾಸ ಬಂದು ಲೆಕ್ಕಿಗರು ಅರ್ಧ ದಿನ ಹುಡುಕುತ್ತಾರೆ. ಗ್ರಾಂ ಗುಣಿಸು ದರ ಭಾಗಿಸು 1,00,000 ಮಾಡಿದರೆ ಮೇಲಿನ ಮೊತ್ತ 3,87,936 ರೂಪಾಯಿ ಸರಿಯಾಗಿ ಬರುತ್ತದೆ. ದುಂಡಾಗಿಸುವ ಕೆಲಸ ಒಂದೇ ಕಡೆ, ಮೂಲ ಪ್ರೋಗ್ರಾಮಿನಲ್ಲಿ ಆಗಲಿ. ಪ್ಲಗಿನ್ ಮತ್ತೆ ಗುಣಾಕಾರ ಮಾಡುವ ಪ್ರಸಂಗವೇ ಬರಬಾರದು, ಅದಕ್ಕೇ ಮೊತ್ತವನ್ನೂ ಜೊತೆಗೆ ಕಳಿಸುವುದು.

ಪಟ್ಟಿ ಸಂಖ್ಯೆಯನ್ನೇ ಗುರುತಾಗಿ ಬಳಸಬೇಡಿ. ಏಪ್ರಿಲ್ 1ಕ್ಕೆ ಹೊಸ ಆರ್ಥಿಕ ವರ್ಷ ಶುರುವಾದಾಗ ಸಂಖ್ಯೆ ಮತ್ತೆ 1ರಿಂದ ಬರುತ್ತದೆ. ಹೋದ ವರ್ಷದ 1184 ಮತ್ತು ಈ ವರ್ಷದ 1184 ಒಂದೇ ಎಂದು ಯಾವುದೋ ಪ್ಲಗಿನ್ ತಿಳಿದುಕೊಂಡರೆ ಈ ವರ್ಷದ್ದು ಎಲ್ಲಿಗೂ ಹೋಗುವುದಿಲ್ಲ.

ಕನ್ನಡದ ಹೆಸರುಗಳಲ್ಲಿ ಇನ್ನೊಂದು ತೊಡಕಿದೆ. ಯುನಿಕೋಡ್‌ನಲ್ಲಿ 'ಗೊರಬಲು' ಎಂಬ ಅಡಿಕೆ ದರ್ಜೆಯ ಹೆಸರಿನ ಒಕಾರವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಹೋಲಿಸಿ ನೋಡಿದರೆ ಕಂಪ್ಯೂಟರಿಗೆ ಎರಡು ಬೇರೆ ಪದ. ಪ್ಲಗಿನ್‌ಗಳಿಂದ ಒಳಗೆ ಬರುವ ಪ್ರತಿ ಪಠ್ಯವನ್ನೂ ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿ ಚಿಹ್ನೆಗಳನ್ನು ಒಂದೇ ಚಿಹ್ನೆಯಾಗಿಸುವ ಯುನಿಕೋಡ್ ರೂಪ) ತಂದು ನಂತರ ಉಳಿಸಿ. ದರ್ಜೆಗೆ ತೋರಿಸುವ ಹೆಸರಲ್ಲದೆ ಬದಲಾಗದ ಸಂಕೇತವೊಂದನ್ನೂ ಕೊಡಿ. 'ಬೆಟ್ಟೆ' ಎಂದು ಒಬ್ಬರು, 'ಬೆಟ್ಟೆ ಅಡಿಕೆ' ಎಂದು ಇನ್ನೊಬ್ಬರು ಬರೆದರೂ ಆಗ ತೊಂದರೆಯಿಲ್ಲ. ಹಳೆಯ ನುಡಿ, ಬರಹ ಆಸ್ಕಿ ಫಾಂಟಿನಲ್ಲಿ ಉಳಿದಿರುವ ಖಾತೆಗಳಿದ್ದರೆ ಅವನ್ನು ಒಮ್ಮೆಗೇ ಯುನಿಕೋಡ್‌ಗೆ ಪರಿವರ್ತಿಸಿ. ಆ ಹೊರೆಯನ್ನು ಪ್ಲಗಿನ್ ಬರೆಯುವವರ ತಲೆಗೆ ಹಾಕುವುದು ನ್ಯಾಯವಲ್ಲ.

ಹಂತ 3: ಪ್ಲಗಿನ್ ಹುಡುಕುವುದು, ಓದುವುದು

ಪೈಥಾನ್ ಬಲ್ಲವರಿಗೆ ಮೊದಲು ನೆನಪಾಗುವುದು ಎಂಟ್ರಿ ಪಾಯಿಂಟ್, ಅಂದರೆ 'ನನ್ನಲ್ಲಿ ಈ ಪ್ಲಗಿನ್ ಇದೆ' ಎಂದು ಪ್ಯಾಕೇಜ್ ತನ್ನ ಮೆಟಾಡೇಟಾದಲ್ಲಿ (ಪರಿಚಯದ ಮಾಹಿತಿ) ಹೇಳಿಕೊಳ್ಳುವ ವ್ಯವಸ್ಥೆ. ಪೈಥಾನ್ 3.8ರಿಂದ ಇದನ್ನು ಓದುವ ಸೌಲಭ್ಯ ಭಾಷೆಯೊಳಗೇ ಇದೆ. ಸರ್ವರ್ ಮೇಲೆ ಓಡುವ ತಂತ್ರಾಂಶಕ್ಕೆ ಅದೇ ಸರಿ. ಮಂಡಿಯ ಕಂಪ್ಯೂಟರಿಗೆ ಪೈಇನ್‌ಸ್ಟಾಲರ್‌ನಿಂದ (ಪೈಥಾನ್ ಪ್ರೋಗ್ರಾಮನ್ನು ಕಟ್ಟಿಕೊಡುವ ಸಾಧನ) ಒಂದೇ ಇಎಕ್ಸ್‌ಇ ಕಡತ ಮಾಡಿ ಕೊಟ್ಟಿದ್ದರೆ ಆಗುವುದಿಲ್ಲ: ಪ್ಯಾಕೇಜಿನ ಮೆಟಾಡೇಟಾ ಸೇರಿಸಿ ಎಂದು ಬಿಡಿಸಿ ಹೇಳದಿದ್ದರೆ ಅದು ಒಳಗೆ ಬರುವುದೇ ಇಲ್ಲ, ಕಟ್ಟಿ ಮುಗಿದ ಇಎಕ್ಸ್‌ಇಗೆ ಆಮೇಲೆ ಪಿಪ್‌ನಿಂದ (ಪೈಥಾನ್ ಪ್ಯಾಕೇಜ್ ಹಾಕುವ ಸಾಧನ) ಏನನ್ನೂ ಸೇರಿಸಲೂ ಬರುವುದಿಲ್ಲ. ನಿಮ್ಮ ಯಂತ್ರದಲ್ಲಿ ಓಡಿದ ಪ್ಲಗಿನ್ ಗಿರಾಕಿಯಲ್ಲಿ ಕಾಣೆಯಾಗುವುದು ಇದರಿಂದಲೇ.

ಹಾಗಾಗಿ ಒಂದು ಫೋಲ್ಡರ್ ಇಡಿ, ಅದರೊಳಗೆ ಪ್ಲಗಿನ್‌ಗೊಂದು ಉಪಫೋಲ್ಡರ್, ಅದರಲ್ಲಿ ಒಂದು ಪರಿಚಯ ಕಡತ. ಪರಿಚಯ ಕಡತದಲ್ಲಿ ಪ್ಲಗಿನ್ ಹೆಸರು, ಆವೃತ್ತಿ, ಹೊಂದುವ ಒಪ್ಪಂದದ ಆವೃತ್ತಿ, ಬೇಕಾದ ಇವೆಂಟ್‌ಗಳು, ಬೇಕಾದ ಮಾಹಿತಿ, ಚಾಲೂ ಮಾಡುವ ಆದೇಶ, ಬರೆದವರ ಫೋನ್ ಇರಲಿ. ಪ್ಲಗಿನ್‌ನ ಒಂದು ಸಾಲು ಕೋಡೂ ಓಡದಂತೆ ಮೊದಲು ಈ ಕಡತವನ್ನಷ್ಟೇ ಓದಿ ಪರೀಕ್ಷಿಸಿ. ಆವೃತ್ತಿ ಹೊಂದದಿದ್ದರೆ ಅಲ್ಲೇ ನಿಲ್ಲಿಸಿ, ಕಾರಣವನ್ನು ಕನ್ನಡದಲ್ಲಿ ಪರದೆಯ ಮೇಲೆ ತೋರಿಸಿ.

ಹಂತ 4: ಪ್ರತ್ಯೇಕ ಪ್ರೊಸೆಸ್‌ನಲ್ಲಿ ಓಡಿಸಿ

ಪ್ಲಗಿನ್ ಅನ್ನು ಮೂಲ ಪ್ರೋಗ್ರಾಮಿನೊಳಗೇ ಓಡಿಸುವುದು ಸುಲಭ. ಆದರೆ ಸೀರಿಯಲ್ ಡ್ರೈವರ್ ಒಂದು ನಿಂತರೆ ಇಡೀ ಪರದೆ ನಿಲ್ಲುತ್ತದೆ, ಹಮಾಲರು ಚೀಲ ಹೊತ್ತು ಕಾಯುತ್ತಾರೆ. ಪ್ರತ್ಯೇಕ ಪ್ರೊಸೆಸ್ (ತನ್ನಷ್ಟಕ್ಕೆ ಓಡುವ ಬೇರೆ ಪ್ರೋಗ್ರಾಂ) ಮಾಡಿ, ಎರಡರ ನಡುವೆ ಸ್ಟ್ಯಾಂಡರ್ಡ್ ಇನ್‌ಪುಟ್, ಔಟ್‌ಪುಟ್ ಮೂಲಕ ಸಾಲಿಗೊಂದು ಜೇಸನ್ (ಕೀಲಿ ಮತ್ತು ಅದರ ಮಾಹಿತಿಯನ್ನು ಜೋಡಿಯಾಗಿ ಬರೆಯುವ ಪಠ್ಯರೂಪ) ಸಂದೇಶ ಓಡಾಡಲಿ. ಇದು ಹೊಸ ಪ್ರಯೋಗವೇನಲ್ಲ. ಮೈಕ್ರೋಸಾಫ್ಟ್ 2016ರಲ್ಲಿ ಬಿಡುಗಡೆ ಮಾಡಿದ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್ (ಕೋಡ್ ಬರೆಯುವ ಎಡಿಟರ್‌ಗೂ ಭಾಷೆಯ ಸಹಾಯಕ ಪ್ರೋಗ್ರಾಮಿಗೂ ನಡುವಿನ ಸಂವಾದ ನಿಯಮ) ಹೆಚ್ಚುಕಡಿಮೆ ಇದೇ ದಾರಿ ಹಿಡಿದು, ಪ್ರತಿ ಎಡಿಟರ್‌ಗೂ ಪ್ರತಿ ಭಾಷೆಗೂ ಬೇರೆ ಬೇರೆ ಜೋಡಣೆ ಬರೆಯುವ ಕಷ್ಟ ತಪ್ಪಿಸಿತು. ಪ್ಲಗಿನ್ ಬರೆಯುವವರು ಪೈಥಾನ್ ಬದಲು ಸಿ ಶಾರ್ಪ್ ಬಳಸಿದರೂ ನಡೆಯುತ್ತದೆ, ಇದೇ ದೊಡ್ಡ ಲಾಭ.

ಇಲ್ಲಿ ಕೈಕೊಡುವ ಜಾಗಗಳು ನಾಲ್ಕು, ನಾಲ್ಕನ್ನೂ ಪ್ಲಗಿನ್ ಬರೆಯುವವರ ಕೈಪಿಡಿಯ ಮೊದಲ ಪುಟದಲ್ಲೇ ಹಾಕಿ.

ಔಟ್‌ಪುಟ್ ಪೈಪ್‌ಗೆ (ಎರಡು ಪ್ರೊಸೆಸ್ ನಡುವಿನ ಕೊಳವೆ) ಹೋಗುವಾಗ ಬಫರ್ ಆಗುತ್ತದೆ, ಅಂದರೆ ಒಂದಷ್ಟು ತುಂಬುವವರೆಗೆ ತಡೆದು ನಿಲ್ಲುತ್ತದೆ. ಪ್ರತಿ ಸಾಲಿನ ನಂತರ ಫ್ಲಶ್ ಮಾಡದಿದ್ದರೆ (ತಕ್ಷಣ ಹೊರಗೆ ತಳ್ಳದಿದ್ದರೆ) ಸಂದೇಶ ಪ್ಲಗಿನ್‌ನಲ್ಲೇ ಉಳಿದು 'ಉತ್ತರ ಬರುತ್ತಿಲ್ಲ' ಎನಿಸುತ್ತದೆ. ಪರೀಕ್ಷೆಗೆಂದು ಹಾಕಿದ ಪ್ರಿಂಟ್ ಸಾಲು ಅದೇ ಔಟ್‌ಪುಟ್‌ಗೆ ಹೋಗಿ ಜೇಸನ್ ಕೆಡಿಸುತ್ತದೆ, ಆದ್ದರಿಂದ ಲಾಗ್ ಎಲ್ಲವೂ ಸ್ಟ್ಯಾಂಡರ್ಡ್ ಎರರ್‌ಗೆ. ಆ ಎರರ್ ಪೈಪನ್ನು ಮೂಲ ಪ್ರೋಗ್ರಾಂ ಬೇರೊಂದು ಥ್ರೆಡ್‌ನಲ್ಲಿ ಓದುತ್ತಲೇ ಇರಬೇಕು. ಓದದೆ ಬಿಟ್ಟರೆ ಪೈಪ್ ತುಂಬಿ (ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 64 ಕೆಬಿ) ಪ್ಲಗಿನ್ ಅಲ್ಲೇ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಚೆನ್ನಾಗಿ ಓಡಿ ಮಧ್ಯಾಹ್ನದ ಹೊತ್ತಿಗೆ ನಿಲ್ಲುವ ಪ್ಲಗಿನ್‌ಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಕೊನೆಯದು, ವಿಂಡೋಸ್‌ನಲ್ಲಿ ಪೈಪ್‌ನ ಎನ್‌ಕೋಡಿಂಗ್ ಯುಟಿಎಫ್-8 ಆಗಿರುತ್ತದೆಂಬ ಭರವಸೆಯಿಲ್ಲ. ಎರಡೂ ಕಡೆ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳದಿದ್ದರೆ ಮೊದಲ ಕನ್ನಡ ಹೆಸರಿಗೇ ಪ್ಲಗಿನ್ ಬೀಳುತ್ತದೆ.

ಚಾಲೂ ಆದ ಮೇಲೆ ಪರಿಚಯ ಹೇಳಿಕೊಳ್ಳಲು 5 ಸೆಕೆಂಡ್, ತೂಕದ ಪ್ರಶ್ನೆಗೆ ಉತ್ತರಿಸಲು 2 ಸೆಕೆಂಡ್ ಕೊಡಿ. ಪ್ಲಗಿನ್ ಸತ್ತರೆ 1, 2, 4, 8 ಸೆಕೆಂಡಿನಂತೆ ಅಂತರ ಹೆಚ್ಚಿಸುತ್ತಾ ಮತ್ತೆ ಚಾಲೂ ಮಾಡಿ, 10 ನಿಮಿಷದಲ್ಲಿ 5 ಸಲ ಸತ್ತರೆ ನಿಲ್ಲಿಸಿ ಗುಮಾಸ್ತರಿಗೆ ತಿಳಿಸಿ. ಈ ಸಂಖ್ಯೆಗಳು ಆರಂಭಕ್ಕೆ ಸಾಕು, ಆಮೇಲೆ ನಿಮ್ಮ ಲಾಗ್ ನೋಡಿ ತಿದ್ದಿಕೊಳ್ಳಿ.

ಹಂತ 5: ಮೊದಲ ಪ್ಲಗಿನ್ ಕಾಟಾದ್ದೇ ಆಗಲಿ

ಅತಿ ಕಷ್ಟದ್ದನ್ನು ಮೊದಲು ಬರೆದರೆ ಒಪ್ಪಂದದ ದೋಷ ಬೇಗ ಹೊರಬೀಳುತ್ತದೆ. ಎಲೆಕ್ಟ್ರಾನಿಕ್ ಕಾಟಾದ ಇಂಡಿಕೇಟರ್ (ತೂಕ ತೋರಿಸುವ ಪೆಟ್ಟಿಗೆ) ಹಿಂದೆ ಸಾಮಾನ್ಯವಾಗಿ 9 ಪಿನ್‌ನ ಆರ್‌ಎಸ್-232 ಸೀರಿಯಲ್ ಪೋರ್ಟ್ ಇರುತ್ತದೆ. ಕಳಿಸುವ ತಂತಿ, ಪಡೆಯುವ ತಂತಿ, ಗ್ರೌಂಡ್ ಎಂಬ ಮೂರು ತಂತಿ ಸಾಕು: 2, 3, 5ನೇ ಪಿನ್. ಏನೂ ಬರದಿದ್ದರೆ ಮೊದಲು 2 ಮತ್ತು 3 ಅದಲುಬದಲಾಗಿರಬಹುದೇ ನೋಡಿ.

ವೇಗ ಹೆಚ್ಚಾಗಿ ಸೆಕೆಂಡಿಗೆ 9600 ಅಥವಾ 2400 ಬಿಟ್, ಅಕ್ಷರಕ್ಕೆ 8 ಬಿಟ್, ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಹೆಚ್ಚುವರಿ ಬಿಟ್) ಇಲ್ಲ, 1 ಸ್ಟಾಪ್ ಬಿಟ್. ವೇಗ ತಪ್ಪಿದ್ದರೆ ಪೂರ್ತಿ ಕಸವೇ ಬರುತ್ತದೆ. ಕೆಲವು ಅಂಕಿ ಸರಿ, ಕೆಲವು ವಿಚಿತ್ರ ಅಕ್ಷರ ಬಂದರೆ ಪ್ಯಾರಿಟಿ ನೋಡಿ. ಇಂಡಿಕೇಟರ್ 7 ಬಿಟ್, ಈವನ್ ಪ್ಯಾರಿಟಿಯಲ್ಲಿ ಕಳಿಸುತ್ತಿದ್ದು ನೀವು 8 ಬಿಟ್ ಎಂದು ಓದಿದರೆ 0, 3, 5, 6, 9 ಸರಿಯಾಗಿ ಕಾಣುತ್ತವೆ. 1, 2, 4, 7, 8 ಕೆಡುತ್ತವೆ. ಈ ಎರಡು ಗುಂಪು ನೆನಪಿದ್ದರೆ ಕಾಟಾದ ಕೈಪಿಡಿ ಇಲ್ಲದೆಯೂ ತಪ್ಪು ಹಿಡಿಯಬಹುದು.

ಕಾಟಾದ ತಂತಿಯನ್ನು ಕಂಪ್ಯೂಟರಿಗೆ ಸೇರಿಸುವ ಯುಎಸ್‌ಬಿ ಕನ್ವರ್ಟರನ್ನು ಬೇರೆ ಕಿಂಡಿಗೆ ಚುಚ್ಚಿದರೆ ಪೋರ್ಟ್ ಸಂಖ್ಯೆ ಬದಲಾಗಬಹುದು. ಕಸ ಗುಡಿಸುವಾಗ ಯಾರೋ ತೆಗೆದು ಮತ್ತೆ ಹಾಕಿದ ಮರುದಿನ ನಿಮಗೆ ಫೋನ್ ಬರುತ್ತದೆ. ಸಂಖ್ಯೆಯ ಬದಲು ಕನ್ವರ್ಟರ್‌ನ ತಯಾರಕ ಸಂಕೇತ, ಉತ್ಪನ್ನ ಸಂಕೇತ, ಇದ್ದರೆ ಕ್ರಮಸಂಖ್ಯೆ ನೋಡಿ ಗುರುತಿಸಿ. ಅಗ್ಗದ ಕನ್ವರ್ಟರ್‌ಗಳಲ್ಲಿ ಕ್ರಮಸಂಖ್ಯೆಯೇ ಇರುವುದಿಲ್ಲ. ಎರಡು ಕಾಟಾ ಇರುವ ಮಂಡಿಯಲ್ಲಿ ಇಂಥವು ಬೇಡ.

ಹೆಚ್ಚಿನ ಇಂಡಿಕೇಟರ್‌ಗಳು ಕೇಳದೆಯೇ ಎಡೆಬಿಡದೆ ತೂಕ ಕಳಿಸುತ್ತಿರುತ್ತವೆ. ಇಲ್ಲಿ ಗಂಭೀರ ತಪ್ಪೊಂದು ಆಗುತ್ತದೆ: ಗುಮಾಸ್ತರು ಬಟನ್ ಒತ್ತಿದಾಗ ಮಾತ್ರ ಓದುವ ಹಾಗೆ ಬರೆದರೆ, ಆಪರೇಟಿಂಗ್ ಸಿಸ್ಟಮ್‌ನ ಬಫರಿನಲ್ಲಿ ಕೂತ ಹಳೆಯ ಸಾಲು ಕೈಗೆ ಬರುತ್ತದೆ. ಅಂದರೆ ಈಗಿನ ಚೀಲಕ್ಕೆ ಹಿಂದಿನ ಚೀಲದ ತೂಕ. ಯಾವ ಎರರ್ ಸಂದೇಶವೂ ಇಲ್ಲದೆ ಬೆಳೆಗಾರರಿಗೋ ಖರೀದಿದಾರರಿಗೋ ನಷ್ಟ. ಪ್ಲಗಿನ್ ಸದಾ ಓದುತ್ತಲೇ ಇದ್ದು, ಕೊನೆಯ ಸಾಲನ್ನು ಸಮಯದೊಂದಿಗೆ ಇಟ್ಟುಕೊಂಡು, ಅರ್ಧ ಸೆಕೆಂಡಿಗಿಂತ ಹಳೆಯದಾದರೆ 'ತೂಕ ಸಿಗುತ್ತಿಲ್ಲ' ಎಂದು ಉತ್ತರಿಸಬೇಕು. ಪೋರ್ಟ್ ತೆರೆದ ಮೇಲಿನ ಮೊದಲ ಸಾಲು ಅರ್ಧದಿಂದ ಶುರುವಾಗಿರುತ್ತದೆ: 67.35 ಇದ್ದದ್ದು 7.35 ಎಂದು ಬರಬಹುದು. ಅದನ್ನು ಯಾವಾಗಲೂ ಎಸೆಯಿರಿ.

ತೂಕ ನಿಂತಿದೆ ಎಂಬ ಗುರುತನ್ನು ಇಂಡಿಕೇಟರ್ ಕಳಿಸಿದರೆ ಅದನ್ನೇ ನಂಬಿ. ಕಳಿಸದಿದ್ದರೆ ಸತತ 5 ಸಾಲು ಒಂದೇ ಆಗಿದ್ದಾಗ ಒಪ್ಪಿಕೊಳ್ಳಿ. ಒಂದು ಚೀಲದ ತೂಕ ದಾಖಲಾದ ಮೇಲೆ ಕಾಟಾ ಶೂನ್ಯದ ಹತ್ತಿರಕ್ಕೆ ಬರುವವರೆಗೆ ಮುಂದಿನದನ್ನು ತೆಗೆದುಕೊಳ್ಳಬೇಡಿ, ಇಲ್ಲವಾದರೆ ಬಟನ್ ಎರಡು ಸಲ ಒತ್ತಿದಾಗ ಒಂದೇ ಚೀಲ ಎರಡು ಸಲ ಏರುತ್ತದೆ.

ಪ್ಲಗಿನ್ ಕೊಡಬೇಕಾದ್ದು ಕಾಟಾ ತೋರಿಸಿದ ಒಟ್ಟು ತೂಕ ಮಾತ್ರ. ಚೀಲದ ತೂಕ ಕಳೆಯುವುದು ಮೂಲ ಪ್ರೋಗ್ರಾಮಿನ ಕೆಲಸ. ಕಾಟಾಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವುದು ಅದು ತೋರಿಸುವ ಅಂಕಿಗೆ. ಸಾಫ್ಟ್‌ವೇರ್ ಅದನ್ನು 'ಸರಿಪಡಿಸುವ' ಯಾವ ಅವಕಾಶವೂ ಇರಬಾರದು. ಯಾರು ಎಷ್ಟೇ ಒತ್ತಾಯಿಸಿದರೂ ಇದಕ್ಕೆ ಒಪ್ಪಬೇಡಿ. ಕರೆಂಟ್ ಹೋದಾಗ ಕೈಯಿಂದ ತೂಕ ನಮೂದಿಸಲು ಬಿಡಿ, ಆದರೆ ಪಟ್ಟಿಯಲ್ಲಿ ಆ ಚೀಲದ ಎದುರು ಕೈನಮೂದು ಎಂಬ ಗುರುತು ಅಚ್ಚಾಗಲಿ.

ಹಂತ 6: ಹೊರಗೆ ಹೋಗುವ ಸಂದೇಶಕ್ಕೆ ಸರದಿ

ಮಳೆಗಾಲದಲ್ಲಿ ಹೊಸನಗರ, ಆಗುಂಬೆ ಸುತ್ತ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಕೈಕೊಡುತ್ತವೆ. ನೆಟ್ ಇದೆ ಎಂಬ ನಂಬಿಕೆಯ ಮೇಲೆ ಬರೆದ ಜೋಡಣೆ ಮಲೆನಾಡಿನಲ್ಲಿ ಜೂನ್ ದಾಟುವುದಿಲ್ಲ. ಪಟ್ಟಿ ಉಳಿಸುವ ಡೇಟಾಬೇಸ್ ಟ್ರಾನ್ಸಾಕ್ಷನ್‌ನಲ್ಲೇ ಇವೆಂಟನ್ನೂ ಒಂದು ಸರದಿ ಕೋಷ್ಟಕಕ್ಕೆ ಬರೆಯಿರಿ. ಪಟ್ಟಿ ಉಳಿದರೆ ಇವೆಂಟೂ ಉಳಿಯುತ್ತದೆ, ಎರಡರಲ್ಲಿ ಒಂದೇ ಆಗುವ ಸಂಭವ ಇಲ್ಲ. ಬೇರೊಂದು ಕೆಲಸಗಾರ ಪ್ರೊಸೆಸ್ ಸರದಿಯಿಂದ ತೆಗೆದು ಪ್ಲಗಿನ್‌ಗೆ ಕೊಡಲಿ. ಸೋತರೆ 1 ನಿಮಿಷ, 5 ನಿಮಿಷ, 15 ನಿಮಿಷ, 1 ಗಂಟೆ ಬಿಟ್ಟು ಮತ್ತೆ ಯತ್ನಿಸಲಿ.

ಹೀಗೆ ಮಾಡಿದಾಗ ಒಂದೇ ಇವೆಂಟ್ ಎರಡು ಸಲ ತಲುಪುವುದು ಅನಿವಾರ್ಯ. ಪ್ಲಗಿನ್ ಕೆಲಸ ಮುಗಿಸಿ 'ಆಯಿತು' ಎನ್ನುವಷ್ಟರಲ್ಲಿ ಕರೆಂಟ್ ಹೋದರೆ ಮೂಲ ಪ್ರೋಗ್ರಾಮಿಗೆ ಅದು ತಿಳಿಯುವುದಿಲ್ಲ. ಮೊದಲೇ ನೋಡಿದ ಗುರುತು ಬಂದರೆ ಪ್ಲಗಿನ್ ಸುಮ್ಮನೆ 'ಆಯಿತು' ಎನ್ನಬೇಕೆಂದು ಒಪ್ಪಂದದಲ್ಲಿ ಬರೆಯಿರಿ. ಪ್ರತಿ ಇವೆಂಟಿಗೂ ಅವಧಿ ಇಡಿ: ಬೆಳೆಗಾರರಿಗೆ ಹೋಗುವ ಸಂದೇಶ ಮೂರು ದಿನ ಬಿಟ್ಟು ಹೋದರೆ ಗೊಂದಲ, ಟ್ಯಾಲಿಯ ನಮೂದು ಮಾತ್ರ ಎಷ್ಟು ತಡವಾದರೂ ಹೋಗಲೇಬೇಕು.

ಟ್ಯಾಲಿ ಎಕ್ಸ್‌ಎಂಎಲ್ ಅನ್ನು ಎಚ್‌ಟಿಟಿಪಿ ಮೂಲಕ ತೆಗೆದುಕೊಳ್ಳುತ್ತದೆ, ಸಾಮಾನ್ಯ ಪೋರ್ಟ್ 9000. ಟ್ಯಾಲಿಯಲ್ಲಿ ಕಂಪನಿ ತೆರೆದಿರಬೇಕು, ಲೆಡ್ಜರ್ ಹೆಸರು ತಾಳೆಯಾಗಬೇಕು. ವೋಚರ್ ಸೇರದಿದ್ದರೂ ಉತ್ತರದ ಸ್ಥಿತಿ ಸಂಕೇತ 200 (ಯಶಸ್ವಿ) ಎಂದೇ ಬರಬಹುದು. ಉತ್ತರದ ಒಳಗೆ ಎಷ್ಟು ಸೃಷ್ಟಿಯಾಯಿತು, ಎಷ್ಟು ತಪ್ಪು ಎಂಬ ಸಂಖ್ಯೆ ಓದಿಯೇ 'ಆಯಿತು' ಎನ್ನಿ. ಲೆಡ್ಜರ್ ಇಲ್ಲವೆಂಬ ತಪ್ಪು ನೂರು ಸಲ ಯತ್ನಿಸಿದರೂ ಸರಿಹೋಗದು, ಅದನ್ನು ಮನುಷ್ಯರ ಗಮನಕ್ಕೆ ತನ್ನಿ. ಟ್ಯಾಲಿ ತೆರೆದಿಲ್ಲ ಎಂಬುದು ತಾತ್ಕಾಲಿಕ, ಮತ್ತೆ ಯತ್ನಿಸಿ. ಈ ಎರಡನ್ನು ಬೇರೆ ಬೇರೆಯಾಗಿ ಹೇಳಲು ಒಪ್ಪಂದದಲ್ಲಿ ಎರಡು ಉತ್ತರ ಇರಲೇಬೇಕು.

ಕನ್ನಡ ಎಸ್‌ಎಂಎಸ್ ಒಂದರಲ್ಲಿ 70 ಯುನಿಕೋಡ್ ಘಟಕ ಹಿಡಿಯುತ್ತವೆ, ಮೀರಿದರೆ ತಲಾ 67ರ ತುಂಡುಗಳಾಗುತ್ತವೆ. 'ಶಿವಮೊಗ್ಗ' ಕಣ್ಣಿಗೆ ನಾಲ್ಕು ಅಕ್ಷರ, ಲೆಕ್ಕಕ್ಕೆ 8 ಘಟಕ. ಎನ್‌ಎಫ್‌ಸಿ ಮಾಡದ ಪಠ್ಯವಾದರೆ 9. ಇಂಥ ಸಂದೇಶದ ಟೆಂಪ್ಲೇಟ್ ಡಿಎಲ್‌ಟಿಯಲ್ಲಿ (ವಾಣಿಜ್ಯ ಎಸ್‌ಎಂಎಸ್‌ಗಳ ಟೆಲಿಕಾಂ ನೋಂದಣಿ ವ್ಯವಸ್ಥೆ) ನೋಂದಣಿಯಾಗಿರಬೇಕು, ನೋಂದಾಯಿಸಿದ ಪಠ್ಯಕ್ಕೆ ಹೊಂದದಿದ್ದರೆ ಅದು ದಾರಿಯಲ್ಲೇ ನಿಲ್ಲುತ್ತದೆ. ಆದ್ದರಿಂದ ಸಂದೇಶದ ಮಾತನ್ನು ಗುಮಾಸ್ತರು ಬೇಕಾದಂತೆ ತಿದ್ದುವ ಪೆಟ್ಟಿಗೆ ಇಡಬೇಡಿ, ಹೆಸರು, ತೂಕ, ಮೊತ್ತದ ಜಾಗ ಮಾತ್ರ ತುಂಬಲಿ.

ಹಂತ 7: ಯಾರಿಗೆ ಎಷ್ಟು ಮಾಹಿತಿ

ಪರಿಚಯ ಕಡತದಲ್ಲಿ ಕೇಳಿದ್ದನ್ನಷ್ಟೇ ಕಳಿಸಿ. ಎಸ್‌ಎಂಎಸ್ ಪ್ಲಗಿನ್‌ಗೆ ಫೋನ್ ಸಂಖ್ಯೆ ಬೇಕು, ಬ್ಯಾಂಕ್ ಖಾತೆ ಬೇಡ. ಕಾಟಾದ ಪ್ಲಗಿನ್‌ಗೆ ಎರಡೂ ಬೇಡ. ಆದರೆ ಒಂದು ಮಾತು ಸ್ಪಷ್ಟವಿರಲಿ: ಪ್ರತ್ಯೇಕ ಪ್ರೊಸೆಸ್ ಆದರೂ ಅದೇ ವಿಂಡೋಸ್ ಬಳಕೆದಾರರ ಹೆಸರಿನಲ್ಲಿ ಓಡಿದರೆ ಡೇಟಾಬೇಸ್ ಕಡತವನ್ನು ಅದು ನೇರವಾಗಿ ಓದಬಲ್ಲದು. ಈ ಹಂತದ ಅನುಮತಿ ಶಿಸ್ತಿಗೆ, ಕಳ್ಳರನ್ನು ತಡೆಯುವುದಕ್ಕಲ್ಲ. ಗುರುತು ಪರಿಚಯ ಇಲ್ಲದವರ ಪ್ಲಗಿನ್ ಹಾಕುವುದಾದರೆ ಬೇರೆ ಬಳಕೆದಾರ ಖಾತೆ ಮಾಡಿ ಅದರಡಿ ಓಡಿಸಿ.

ಹಂತ 8: ಕಾಟಾ ಇಲ್ಲದೆಯೂ ಪ್ಲಗಿನ್ ಬರೆಯಲು ಬರಲಿ

ಶಿವಮೊಗ್ಗದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಹಾಸ್ಟೆಲ್ ಕೋಣೆಯಲ್ಲಿ ಕೂತು ನಿಮಗೆ ಪ್ಲಗಿನ್ ಬರೆಯಲು ಸಾಧ್ಯವಾಗಬೇಕು. ಅದಕ್ಕೆ ಅವರ ಕೈಗೆ ಬೇಕಾದ್ದು: ಓಡುವ ಒಂದು ಚಿಕ್ಕ ಮಾದರಿ ಪ್ಲಗಿನ್, ತೂಕದ ಸಾಲುಗಳನ್ನು ಕಳಿಸುವ ಸುಳ್ಳು ಕಾಟಾ (ವಿಂಡೋಸ್‌ನಲ್ಲಿ ಕಾಮ್‌0ಕಾಮ್, ಲಿನಕ್ಸ್‌ನಲ್ಲಿ ಸೋಕ್ಯಾಟ್ ಬಳಸಿ ಜೋಡಿ ಪೋರ್ಟ್ ಮಾಡಬಹುದು), ಮತ್ತು ಒಪ್ಪಂದವನ್ನು ಪರೀಕ್ಷಿಸುವ ಒಂದು ಆದೇಶ. ಆ ಪರೀಕ್ಷೆ ಒಂದೇ ಇವೆಂಟನ್ನು ಎರಡು ಸಲ ಕಳಿಸಲಿ, ಒಪ್ಪಂದದಲ್ಲಿಲ್ಲದ ಹೊಸ ಕೀಲಿ ಸೇರಿಸಿ ಕಳಿಸಲಿ, ಒಕಾರವಿರುವ ಕನ್ನಡ ಹೆಸರು ಕಳಿಸಲಿ, ನಡುವೆ ಪ್ಲಗಿನ್ ಅನ್ನು ಕೊಂದು ಮತ್ತೆ ಎಬ್ಬಿಸಲಿ. ಸುಳ್ಳು ಕಾಟಾ ಅರ್ಧ ಸಾಲನ್ನೂ ಅಲುಗಾಡುವ ತೂಕವನ್ನೂ ಕಳಿಸಲಿ. ಗಿರಾಕಿಗೆ ಕೊಡುವ ಮೊದಲು ಕೇಬಲನ್ನು ನಿಜವಾಗಿಯೇ ಕಿತ್ತು ನೋಡಿ, ಇದಕ್ಕೆ ಬದಲಿ ಇಲ್ಲ.

ಹಂತ 9: ಒಪ್ಪಂದ ಬದಲಿಸುವಾಗ

ಹೊಸ ಕೀಲಿ ಸೇರಿಸುವುದಕ್ಕೆ ಆವೃತ್ತಿ ಬದಲಿಸಬೇಕಿಲ್ಲ, ಗೊತ್ತಿಲ್ಲದ ಕೀಲಿಯನ್ನು ಪ್ಲಗಿನ್ ನಿರ್ಲಕ್ಷಿಸಬೇಕೆಂಬ ನಿಯಮ ಮೊದಲ ದಿನದಿಂದಲೇ ಇದ್ದರೆ ಸಾಕು. ಇರುವ ಕೀಲಿಯ ಅರ್ಥ ಬದಲಿಸುವುದು ಮಾತ್ರ ಅತಿ ಕೆಟ್ಟದ್ದು. ನಿವ್ವಳ ತೂಕದ ಕೀಲಿಯಲ್ಲಿ ಒಟ್ಟು ತೂಕ ಕಳಿಸತೊಡಗಿದರೆ ಯಾವ ಪರೀಕ್ಷೆಯೂ ಬೀಳುವುದಿಲ್ಲ, ಲೆಕ್ಕ ಮಾತ್ರ ತಪ್ಪುತ್ತದೆ. ಅರ್ಥ ಬದಲಾದರೆ ಹೊಸ ಹೆಸರು ಕೊಡಿ. ಕೀಲಿ ತೆಗೆಯಬೇಕಾದರೆ ಆವೃತ್ತಿ 2 ಮಾಡಿ, 1 ಮತ್ತು 2 ಎರಡನ್ನೂ ಒಂದು ಪೂರ್ತಿ ಹಂಗಾಮು ನಡೆಸಿ.

ಬದಲಾವಣೆಗೆ ಕಾಲವನ್ನೂ ನೋಡಿ. ಅಡಿಕೆ ಆವಕ ಜೋರಿರುವಾಗಲೂ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೂ ಏನನ್ನೂ ಮುಟ್ಟಬೇಡಿ. ಹಳೆಯ ಆವೃತ್ತಿ ಬಳಸುವ ಪ್ಲಗಿನ್ ಯಾವ ಮಂಡಿಯಲ್ಲಿ ಇನ್ನೂ ಓಡುತ್ತಿದೆ ಎಂಬುದನ್ನು ಪರಿಚಯ ಕಡತದಿಂದ ಸುಲಭವಾಗಿ ತಿಳಿಯಬಹುದು. ಅಂಥ ಮಂಡಿ ಒಂದೂ ಉಳಿಯದ ಮೇಲೆ ಆವೃತ್ತಿ 1ರ ಕೋಡ್ ಅಳಿಸಿ.